ಹನ್ನೊಂದನೆಯ ಪ್ರಶ್ನೆ

ಕೆ.ಆರ್. ಪುರ
3 ನವೆಂಬರ್ 2025

ಅಪ್ಪನಿಗೆ,

ಒಂದೇ ಊರಿನಲ್ಲಿದ್ದುಕೊಂಡು ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡಿ. ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರಲ್ಲಿ ಒಬ್ಬರು ಮಧ್ಯದಲ್ಲೇ ಇಟ್ಟುಬಿಡುತ್ತೇವೆ. ನನ್ನ ಮಾತು ನಿಮಗೆ, ನಿಮ್ಮ ಮಾತು ನನಗೆ ಸಾಗಿಸಿ ಅಮ್ಮನಿಗೂ ಸುಸ್ತಾಗಿದೆ. ಕಾಗದವನ್ನಾದರೆ ಸಿಟ್ಟು ಬಂದಾಗ ಮಡಚಿಟ್ಟು ಆಮೇಲೆ ಓದಬಹುದು.

ವಿಷಯ ಅಂಗಡಿಯದು. ನಿಮ್ಮ ಚಪ್ಪಲಿಗಳನ್ನು ‘ಹಗುರ ಹೆಜ್ಜೆ’ ಹೆಸರಿನಲ್ಲಿ ಆನ್‌ಲೈನಿನಲ್ಲಿ ಮಾರಲು ಶುರುಮಾಡಿ ಎರಡು ವರ್ಷವಾಯಿತು. ಈ ಆರು ತಿಂಗಳಿಂದ ಆರ್ಡರ್ ಬರುವುದೇ ನಿಂತಿದೆ. ಯಾಕೆಂದು ಈಗ ಗೊತ್ತಾಯಿತು. ಜನ ತಾವಾಗಿ ಅಂಗಡಿ ಹುಡುಕುವುದನ್ನು ಬಿಡುತ್ತಿದ್ದಾರೆ. ಫೋನಿನಲ್ಲಿರುವ ಎಐ ಏಜೆಂಟಿಗೆ ‘ಅಮ್ಮನ ಕಾಲಿಗೆ ಆಗುವಂಥ ಚಪ್ಪಲಿ ತರಿಸು’ ಎನ್ನುತ್ತಾರೆ. ಅದು ನೂರು ಅಂಗಡಿಗಳ ಪಟ್ಟಿಯನ್ನು ಕ್ಷಣದಲ್ಲಿ ಓದಿ, ಒಂದನ್ನು ಆರಿಸಿ, ತಾನೇ ಆರ್ಡರ್ ಮಾಡುತ್ತದೆ. ನಮ್ಮ ಪುಟದಲ್ಲಿ ಇರುವುದು ಫೋಟೋ, ನಾನು ಚೆಂದ ಮಾಡಿ ಬರೆದ ನಾಲ್ಕು ಸಾಲು, ‘ಕೊಳ್ಳುವ ಮೊದಲು ಫೋನ್ ಮಾಡಿ’ ಎಂಬ ಒಂದು ನಂಬರು. ಅದಕ್ಕೆ ಫೋಟೋ ಬೇಡ, ಅದು ಫೋನನ್ನೂ ಮಾಡುವುದಿಲ್ಲ. ಅಳತೆ, ತೂಕ, ಯಾವ ಚರ್ಮ, ಎಂಥ ಕಾಲಿಗೆ ಎಂಬುದೆಲ್ಲ ಅರ್ಜಿ ತುಂಬುವ ಹಾಗೆ ಒಂದೊಂದು ಮನೆಯಲ್ಲಿ ಒಂದೊಂದಾಗಿ ತುಂಬಿರಬೇಕು. ಖಾಲಿ ಬಿಟ್ಟರೆ ನಮ್ಮನ್ನು ದಾಟಿ ಮುಂದೆ ಹೋಗುತ್ತದೆ.

ಮಹದೇವಪುರದ ಗೋದಾಮಿನಲ್ಲಿ ಎಂಟು ವರ್ಷ ಮಿಕ್ಸಿ, ಬಕೆಟ್ಟುಗಳಿಗೆ ನಾನು ಮಾಡಿದ್ದು ಇದೇ ಕೆಲಸ. ನಿಮ್ಮ ಚಪ್ಪಲಿಗೆ ಮಾತ್ರ ಉತ್ತರ ನನಗೆ ಗೊತ್ತಿಲ್ಲ. ಇಪ್ಪತ್ತನಾಲ್ಕು ಪ್ರಶ್ನೆಗಳ ಹಾಳೆ ಇಟ್ಟಿದ್ದೇನೆ. ದಯವಿಟ್ಟು ಚಿಕ್ಕದಾಗಿ ಬರೆಯಿರಿ. ಹೌದು, ಇಲ್ಲ ಎಂದರೂ ಸಾಕು.

ಹೋದ ತಿಂಗಳು ಊಟದ ಮುಂದೆ ಆದ ಜಗಳದ ವಿಷಯ ಈ ಕಾಗದದಲ್ಲಿ ಬೇಡ.

ನಿಮ್ಮ ಮಗಳು,
ಭಾಗ್ಯಲಕ್ಷ್ಮಿ


ಮರ್ಫಿ ಟೌನ್
11 ನವೆಂಬರ್ 2025

ಭಾಗ್ಯಳಿಗೆ ಜೈಭೀಮ್.

ಇಪ್ಪತ್ತನಾಲ್ಕಕ್ಕೂ ಉತ್ತರ ಬರೆದಿದ್ದೇನೆ. ಏಳನೇ ಕ್ಲಾಸಿನ ಪರೀಕ್ಷೆಯಲ್ಲೂ ನಾನು ಇಷ್ಟು ಬರೆದವನಲ್ಲ. ಮೂವತ್ತು ವರ್ಷದಿಂದ ನನ್ನ ಪಕ್ಕ ಕೂತು ಪಟ್ಟಿ ಹೊಲಿಯುವ ಮುಕ್ತಾರ್‌ಗೆ ಎಲ್ಲವನ್ನೂ ಓದಿ ಹೇಳಿದೆ. ‘ಮಗಳು ಇಂಟರ್ವ್ಯೂ ಮಾಡ್ತಾವ್ಳೆ ಉಸ್ತಾದ್, ಕೆಲ್ಸ ಸಿಕ್ತದಾ ನೋಡಿ’ ಎಂದ.

ನಾಲ್ಕನೆಯ ಪ್ರಶ್ನೆ, ತಯಾರಿಸಿದವರು ಯಾರು ಎಂದು. ಅಲ್ಲಿ ನೀನೇ ‘ಹಗುರ ಹೆಜ್ಜೆ’ ಎಂದು ಅಚ್ಚು ಮಾಡಿಸಿ ಕಳಿಸಿದ್ದೀಯ. ನನಗೆ ಬರೆಯುವ ಶ್ರಮ ತಪ್ಪಿತು. ಐದನೆಯದು, ಯಾವ ವಯಸ್ಸಿನವರಿಗೆ. ಕಾಲಿರುವವರಿಗೆ ಎಂದು ಬರೆದಿದ್ದೆ, ನಿನ್ನ ಅಮ್ಮ ಹೊಡೆದು ಹಾಕಿಸಿದಳು.

ಒಂಬತ್ತನೆಯದನ್ನು ಸರಿಯಾಗಿ ಓದು. ಒಳಗಿನ ಮೆತ್ತೆಯನ್ನು ಹೇಗೆ ಕೂರಿಸಿದೆ ಎಂದು ಕೇಳಿದ್ದೀಯ. ಮೊದಲು ಕಚ್ಚಾ ಹೊಲಿಗೆ. ಕೊಂಡವರು ಹಾಕಿಕೊಂಡು ನಡೆದು ಮೂರನೆಯ ದಿನ ಬಂದ ಮೇಲೆ ಹೊಲಿಗೆ ಬಿಚ್ಚಿ, ಎಲ್ಲಿ ಒತ್ತುತ್ತದೋ ಅಲ್ಲಿ ಮೆತ್ತೆಯನ್ನು ಕೆತ್ತಿ, ಆಮೇಲೆ ಪಕ್ಕಾ ಅಂಟು. ಮೊದಲೇ ಅಂಟು ಹಾಕಿದರೆ ಕೆತ್ತಲು ಬರುವುದಿಲ್ಲ.

ಹನ್ನೊಂದನೆಯದು, ಕೊಂಡ ಮೇಲೆ ಅಂಗಡಿಗೆ ಬರಬೇಕೇ ಎಂದು. ಹೌದು. ನೀನು ಚಿಕ್ಕದಾಗಿ ಬರೆಯಿರಿ ಎಂದೆ, ಆದರೆ ಇದನ್ನು ದೊಡ್ಡದಾಗಿಯೇ ಬರೆಯುತ್ತೇನೆ. ನಮ್ಮಲ್ಲಿಗೆ ಬರುವವರು ಸಕ್ಕರೆ ಕಾಯಿಲೆಯಿಂದಲೋ ಇನ್ನೊಂದರಿಂದಲೋ ಪಾದದ ಸ್ಪರ್ಶ ಕಳಕೊಂಡವರು. ಚಪ್ಪಲಿ ಕಚ್ಚಿದರೆ ಅವರಿಗೆ ಗೊತ್ತಾಗುವುದಿಲ್ಲ, ನಾವು ನೋಡಿ ಹೇಳಬೇಕು. ಬೆಳ್ಳಗಿನ ಕಾಲಾದರೆ ಒತ್ತಿದ ಜಾಗ ಕೆಂಪಗಾಗುತ್ತದೆ. ನಮ್ಮಂಥ ಕಪ್ಪು ಕಾಲಿನಲ್ಲಿ ಕೆಂಪು ಕಾಣುವುದಿಲ್ಲ, ಬಿಸಿ ಇರುತ್ತದೆ. ಕೈಯ ಹಿಂಬದಿ ಇಟ್ಟರೆ ತಿಳಿಯುತ್ತದೆ. ದೂರದವರಾದರೆ ಅಂಗಾಲಿನ ಫೋಟೋ ಕಳಿಸಿ, ಮನೆಯವರ ಕೈಯಲ್ಲಿ ಮುಟ್ಟಿಸಿ ಫೋನಿನಲ್ಲಿ ಹೇಳಬೇಕು. ಆಮೇಲೆ ಚಪ್ಪಲಿ ವಾಪಸು ಕಳಿಸಿದರೆ ಕೆತ್ತಿ ಕೊಡುತ್ತೇನೆ.

ಏಜೆಂಟಿಗೆ ಫೋಟೋ ಬೇಡ ಎಂದಿದ್ದೀಯ. ಗಿರಾಕಿಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಕೂತಿದ್ದ ಫೋಟೋವನ್ನು ನೀನು ಪುಟದಿಂದ ತೆಗೆದುಹಾಕಿದ್ದು ಏಜೆಂಟ್ ಹುಟ್ಟುವ ಮೊದಲು. ಜಗಳದ ವಿಷಯ ಬೇಡ ಎಂದಿದ್ದೀಯ, ಆದ್ದರಿಂದ ಇಷ್ಟಕ್ಕೆ ನಿಲ್ಲಿಸುತ್ತೇನೆ.

ನಿನ್ನ ಅಪ್ಪ,
ಚಲುವಯ್ಯ


ಕೆ.ಆರ್. ಪುರ
26 ನವೆಂಬರ್ 2025

ಅಪ್ಪನಿಗೆ,

ಹಾಳೆ ತಲುಪಿತು. ಎಂಟು ಮಾದರಿಗಳನ್ನೂ ತುಂಬಿ ಮುಗಿಸಿದೆ. ಅಪ್ಪ, ನಿಮ್ಮ ಒಂದೊಂದು ಉತ್ತರವೂ ಒಂದು ಪುಟ. ಆ ಮನೆಗಳಲ್ಲಿ ಅಷ್ಟು ಜಾಗವಿಲ್ಲ, ಕೆಲವನ್ನು ಚಿಕ್ಕದು ಮಾಡಬೇಕಾಯಿತು.

ತುಂಬಿದ ಮೇಲೆ ನಾನೇ ಗಿರಾಕಿಯ ಹಾಗೆ ಏಜೆಂಟನ್ನು ಕೇಳಿ ನೋಡಿದೆ. ‘ಸ್ಪರ್ಶವಿಲ್ಲದ ಕಾಲಿಗೆ ಮೆತ್ತಗಿನ ಚಪ್ಪಲಿ, ಬೆಂಗಳೂರು’ ಎಂದು. ಮೊದಲು ಹತ್ತು ಸಲ ಕೇಳಿದರೂ ನಮ್ಮ ಹೆಸರು ಬರಲಿಲ್ಲ. ಅಳು ಬಂದಿತ್ತು. ಒಂದೆರಡು ಕಡೆ ತಿದ್ದಿದೆ. ನಿನ್ನೆಯಿಂದ ನಮ್ಮದೇ ಮೊದಲು ಬರುತ್ತಿದೆ. ಇವತ್ತು ಒಂದೇ ದಿನ ಮೂರು ಆರ್ಡರ್. ನಿಮ್ಮ ಅಳಿಯ ಸುನೀಲ್ ಮಿಠಾಯಿ ತಂದಿದ್ದರು, ನಿಮಗೆಂದು ನಾಲ್ಕು ಎತ್ತಿಟ್ಟಿದ್ದೆ, ನೀವು ಬರುವವರಲ್ಲವೆಂದು ನಾವೇ ತಿಂದೆವು.

ಫೋಟೋ ವಿಷಯ ಬರೆಯಲು ಕೂತರೆ ಈ ಕಾಗದ ಅಂಚೆಗೆ ಹೋಗುವುದಿಲ್ಲ.

ಭಾಗ್ಯಲಕ್ಷ್ಮಿ


ಮರ್ಫಿ ಟೌನ್
22 ಡಿಸೆಂಬರ್ 2025

ಭಾಗ್ಯಳಿಗೆ ಜೈಭೀಮ್.

ನಿನ್ನ ಏಜೆಂಟ್ ಕೆಲಸಗಾರ ಎಂದು ಒಪ್ಪಿಕೊಂಡೆ. ಹತ್ತೊಂಬತ್ತು ಜೊತೆ ಹೋಯಿತು. ಮುಕ್ತಾರ್‌ಗೆ ಬೆರಳು ಊದಿಕೊಂಡಿದೆ. ಕೊರಿಯರ್‌ನವನು ಈಗ ಅಂಗಡಿಗೆ ಬಂದು ಹೆಸರು ಹಿಡಿದು ಮಾತಾಡಿಸುತ್ತಾನೆ.

ಒಂದು ವಿಷಯ ಮಾತ್ರ ನನಗೆ ಸರಿಬರುತ್ತಿಲ್ಲ. ಮೂರನೆಯ ದಿನ ಯಾರೂ ಬರುತ್ತಿಲ್ಲ. ಹಲಸೂರಿಗೆ ಹೋದ ಜೊತೆ, ನಡೆದರೆ ಹದಿನೈದು ನಿಮಿಷ, ಅವರೂ ಬರಲಿಲ್ಲ. ಮೊದಲಾದರೆ ದೂರದವರು ಫೋಟೋ ಕಳಿಸಿ ತಲೆ ತಿನ್ನುತ್ತಿದ್ದರು, ಈಗ ಅದೂ ಇಲ್ಲ. ಅವು ನಿನ್ನ ಫೋನಿಗೆ ಬರುತ್ತಿವೆಯೇ? ಬರುತ್ತಿದ್ದರೆ ನನಗೆ ತೋರಿಸು. ಮೆತ್ತೆಗಳೆಲ್ಲ ಕಚ್ಚಾ ಹೊಲಿಗೆಯಲ್ಲೇ ಹೋಗಿವೆ. ಮುಕ್ತಾರ್ ಹೇಳುತ್ತಾನೆ, ‘ರಜಾ ಸೀಸನ್ನು, ಊರಲ್ಲಿಲ್ಲ, ಬರ್ತಾರೆ ಬಿಡಿ.’ ಬಂದರೆ ಒಳ್ಳೆಯದು.

ಉತ್ತರ ಬರೆ.

ಚಲುವಯ್ಯ


ಶಿವಾಜಿನಗರ, ಅಂಗಡಿ
12 ಜನವರಿ 2026

ಭಾಗ್ಯ,

ಡಿಸೆಂಬರಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಇದನ್ನು ಮುಕ್ತಾರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಓದಿ ಉತ್ತರ ಕೊಡುವವರೆಗೆ ಅವನು ಅಲ್ಲಿಂದ ಏಳುವುದಿಲ್ಲ. ಫೋನ್ ಮಾಡಿದರೆ ಬಾಯಿಂದ ಏನು ಬರುತ್ತದೋ ನನಗೇ ಗೊತ್ತಿಲ್ಲ.

ಬೆಳಿಗ್ಗೆ ಬಾಣಸವಾಡಿಯಿಂದ ಜಯಮಾಲಾ ಎಂಬುವರು ಬಂದಿದ್ದರು. ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಆಟೋದಿಂದ ಇಳಿಯಲು ಮಗ ಹಿಡಿದುಕೊಳ್ಳಬೇಕಾಯಿತು. ಬಲಗಾಲಿಗೆ ಬ್ಯಾಂಡೇಜು. ಕೈಚೀಲದಿಂದ ಒಂದು ಜೊತೆ ತೆಗೆದು ನನ್ನ ಮುಂದಿಟ್ಟು, ‘ಇದು ನೀವೇ ಮಾಡಿದ್ದಾ?’ ಎಂದರು.

ನಾನೇ ಮಾಡಿದ್ದು. ಕಚ್ಚಾ ಹೊಲಿಗೆ ಕಿತ್ತು, ಮೆತ್ತೆ ಮುಂದಕ್ಕೆ ಸರಿದು, ಹೆಬ್ಬೆರಳ ಬುಡದಲ್ಲಿ ಮಡಚಿಕೊಂಡಿತ್ತು. ಆ ಮಡಿಕೆಯ ಮೇಲೆ ಅವರು ಎರಡು ವಾರ ನಡೆದಿದ್ದಾರೆ. ನಮಗಾದರೆ ಮೂರು ಹೆಜ್ಜೆಗೆ ಗೊತ್ತಾಗುತ್ತಿತ್ತು. ಅವರಿಗೆ ಹಾಸಿಗೆಯ ಮೇಲೆ ಕಲೆ ನೋಡಿದಾಗ ಗೊತ್ತಾಗಿದೆ. ನಾಳೆ ಹೆಬ್ಬೆರಳು ತೆಗೆಯುತ್ತಾರಂತೆ.

ಮೂರನೆಯ ದಿನ ಯಾಕಮ್ಮ ಬರಲಿಲ್ಲ ಎಂದು ಕೇಳಿದೆ. ‘ಬರ್ಬೇಕು ಅಂತ ಯಾರ್ರೀ ಹೇಳಿದ್ರು?’ ಎಂದರು. ಮಗ ಫೋನು ತೆಗೆದು ತೋರಿಸಿದ. ‘ನಿಮ್ಮ ಲಿಸ್ಟಲ್ಲೇ ಇದೆ ನೋಡಿ, ಅಂಗಡಿಗೆ ಬರೋದು ಬೇಡ ಅಂತ. ಬರ್ಬೇಕು ಅಂತ ಇದ್ದಿದ್ರೆ ನಾವು ಬರ್ತಿರ್ಲಿಲ್ವಾ? ಇಲ್ಲೇ ಇರೋದಲ್ವಾ?’

ನಾನು ಹೌದು ಎಂದು ಬರೆದು ಕೊಟ್ಟಿದ್ದೆ. ಅದನ್ನು ಇಲ್ಲ ಎಂದು ಮಾಡಿದವರು ಯಾರು? ಆ ಯಂತ್ರ ತಾನಾಗಿ ತಿದ್ದಿಕೊಂಡಿದ್ದರೆ ಹೇಳು, ನಂಬುತ್ತೇನೆ.

ಕಳಿಸಿದ್ದು ಇಪ್ಪತ್ತಾರು ಜೊತೆ. ಉಳಿದ ಇಪ್ಪತ್ತೈದು ಜನರ ವಿಳಾಸ ಈಗಲೇ ಬೇಕು.

ಚಲುವಯ್ಯ


ಕೆ.ಆರ್. ಪುರ
12 ಜನವರಿ 2026

ಅಪ್ಪ,

ಯಂತ್ರ ತಿದ್ದಲಿಲ್ಲ. ನಾನೇ ತಿದ್ದಿದೆ.

ಮುಕ್ತಾರ್ ಚಾಚಾ ಎದುರಿಗೆ ಕೂತಿದ್ದಾರೆ. ಟೀ ಕೊಟ್ಟೆ, ಮುಟ್ಟಿಲ್ಲ. ವಿಳಾಸಗಳೆಲ್ಲ ಇನ್ನೊಂದು ಹಾಳೆಯಲ್ಲಿವೆ. ಅಂಗಡಿಯ ಪುಟವನ್ನು ಮುಚ್ಚಿದ್ದೇನೆ. ಚಪ್ಪಲಿ ಹಾಕಬೇಡಿ, ಕೂಡಲೇ ಪಾದ ನೋಡಿಕೊಳ್ಳಿ ಎಂದು ಎಲ್ಲರಿಗೂ ಈಗಷ್ಟೇ ಮೆಸೇಜು ಕಳಿಸಿದೆ.

ನವೆಂಬರಿನಲ್ಲಿ ಹತ್ತು ಸಲ ಕೇಳಿದರೂ ನಮ್ಮ ಹೆಸರು ಬರಲಿಲ್ಲ ಎಂದು ಬರೆದಿದ್ದೆನಲ್ಲ, ಅದಕ್ಕೆ ಕಾರಣ ಹನ್ನೊಂದನೆಯ ಉತ್ತರ. ‘ಹೌದು’ ಎಂದಿದ್ದರೆ ಏಜೆಂಟ್ ನಮ್ಮನ್ನು ಬಿಟ್ಟು ಬೇರೆ ಅಂಗಡಿಗೆ ಹೋಗುತ್ತಿತ್ತು, ಗಿರಾಕಿಗೆ ತೊಂದರೆ ಎಂದು. ‘ಇಲ್ಲ’ ಎಂದ ಕೂಡಲೇ ಬಂತು. ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಗೋದಾಮಿನಲ್ಲಿ ಬಕೆಟ್ಟಿನ ಬಣ್ಣ ತಿದ್ದುವ ಹಾಗೆ ತಿದ್ದಿದೆ.

ಪಾರ್ಸೆಲ್ಲಿಗೆ ಹೋಗುವ ಚಪ್ಪಲಿಗೆ ಅಪ್ಪ ಪಕ್ಕಾ ಅಂಟು ಹಾಕಿರುತ್ತಾರೆ ಎಂದುಕೊಂಡೆ. ಹಾಗಂದುಕೊಂಡೆ ಎನ್ನುವುದೂ ಪೂರ್ತಿ ನಿಜವಲ್ಲ. ಒಂಬತ್ತನೆಯ ಉತ್ತರದಲ್ಲಿ ನೀವು ಬಿಡಿಸಿ ಬರೆದಿದ್ದಿರಿ, ನಾನು ಓದಿ ‘ಹೊಲಿಗೆ ಮತ್ತು ಅಂಟು’ ಎಂದು ಮೂರು ಪದ ಹಾಕಿದ್ದೆ. ನಿಮ್ಮನ್ನು ಕೇಳಬೇಕಿತ್ತು. ಕೇಳಿದರೆ ಹನ್ನೊಂದನೆಯದು ಏನಾಯಿತು ಎಂದು ನೀವು ಕೇಳುತ್ತಿದ್ದಿರಿ. ಡಿಸೆಂಬರಿನ ಕಾಗದಕ್ಕೆ ಉತ್ತರ ಬರೆಯದಿದ್ದದ್ದೂ ಅದಕ್ಕೇ. ಅದನ್ನು ಎರಡು ಸಲ ಓದಿ ಬೀರುವಿನಲ್ಲಿ ಇಟ್ಟಿದ್ದೆ. ಒಬ್ಬರಾದರೂ ಬರುತ್ತಾರೆ, ಏನೂ ಆಗಿರುವುದಿಲ್ಲ, ಆಮೇಲೆ ಹೇಳಿದರಾಯಿತು ಎಂದು ಕಾಯುತ್ತಿದ್ದೆ.

ಪುಟದಿಂದ ನಿಮ್ಮ ಫೋಟೋ ತೆಗೆದುಹಾಕಿದ್ದು ನಾಚಿಕೆಯಿಂದ. ಗೋದಾಮಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ನೋಡಿ, ‘ನಿಮ್ಮಪ್ಪ ಎಲ್ರ ಕಾಲೂ ಹೀಗೇ ಹಿಡ್ಕೋತಾರಾ?’ ಎಂದಿದ್ದಳು. ಅಷ್ಟೇ ಕೇಳಿದ್ದು. ಆಮೇಲೆ ನಾವು ಯಾವ ಜನ ಎಂದು ಅವಳು ಕೇಳಲಿಲ್ಲ, ಕೇಳುವ ಅಗತ್ಯ ಇರಲಿಲ್ಲ. ನಾನು ಮನೆಗೆ ಬಂದು ಫೋಟೋ ತೆಗೆದುಹಾಕಿದೆ, ನಿಮ್ಮ ಹೆಸರನ್ನೂ ತೆಗೆದುಹಾಕಿದೆ. ನಿಮ್ಮ ಮುಂದೆ ಬ್ರ್ಯಾಂಡು, ಗೀಂಡು ಎಂದು ಏನೇನೋ ಹೇಳಿದೆ.

ಜಯಮಾಲಾ ಅವರ ಕಾಲಿಗೆ ಹೀಗಾದದ್ದು ನನ್ನಿಂದ.

ಭಾಗ್ಯ


ಮರ್ಫಿ ಟೌನ್
21 ಜನವರಿ 2026

ಭಾಗ್ಯಳಿಗೆ ಜೈಭೀಮ್.

ನಾನೂ ಮುಕ್ತಾರೂ ಒಂಬತ್ತು ದಿನದಿಂದ ಅಂಗಡಿ ಬಾಗಿಲು ತೆಗೆದಿಲ್ಲ. ಊರಿನಲ್ಲಿದ್ದವರು ಹದಿನೇಳು ಜನ, ಹದಿನಾರು ಮನೆಗೆ ಹೋಗಿ ಬಂದೆವು. ಇಬ್ಬರಿಗೆ ಗುಳ್ಳೆ ಎದ್ದಿತ್ತು, ಒಡೆದಿರಲಿಲ್ಲ, ಆಸ್ಪತ್ರೆಗೆ ಕಳಿಸಿದೆವು. ಉಳಿದವರ ಕಾಲು ತಣ್ಣಗಿದೆ. ಬೇರೆ ಊರಿನ ಎಂಟು ಜನರಿಗೆ ನಿನ್ನ ಅಮ್ಮ ಕೂತು ಫೋನ್ ಮಾಡಿದಳು. ಮನೆಯವರ ಕೈಯಲ್ಲಿ ಮುಟ್ಟಿಸಿ, ಬಿಸಿಯಾ ತಣ್ಣಗಾ ಎಂದು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡಿದ್ದಾಳೆ, ಎಲ್ಲರದೂ ತಣ್ಣಗಿದೆಯಂತೆ. ಅವಳ ದನಿ ಕೇಳಿ ಒಬ್ಬ ಡಾಕ್ಟರಮ್ಮ ಎಂದುಕೊಂಡನಂತೆ, ಅವಳು ಅಲ್ಲ ಎನ್ನಲಿಲ್ಲ.

ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ತಪ್ಪೆಲ್ಲ ನಿನ್ನದೇ ಎಂದು ನೀನು ಹೊತ್ತುಕೊಳ್ಳಬೇಡ. ಮೂರನೆಯ ದಿನ ಯಾರೂ ಬರುತ್ತಿಲ್ಲ ಎಂದು ಡಿಸೆಂಬರಿನಲ್ಲೇ ನನಗೆ ಗೊತ್ತಿತ್ತು. ಕಾಗದ ಬರೆದೆ. ನೀನು ಉತ್ತರ ಕೊಡಲಿಲ್ಲ. ಸರಿ, ಅವಳೇ ಫೋನ್ ಮಾಡಲಿ ಎಂದು ಹಟ ಹಿಡಿದು ಕೂತೆ. ಕೂತುಕೊಂಡು ಇನ್ನೂ ಏಳು ಜೊತೆಗೆ ಕಚ್ಚಾ ಹೊಲಿಗೆ ಹಾಕಿ ಕಳಿಸಿದೆ. ನಲವತ್ತು ವರ್ಷದಲ್ಲಿ ಕಾಲು ನೋಡದೆ ಒಂದು ಜೊತೆಯನ್ನೂ ಮುಗಿಯಿತು ಎಂದು ಬಿಟ್ಟವನಲ್ಲ ನಾನು. ಮಗಳು ನನ್ನ ಹೆಸರು ತೆಗೆದಳಲ್ಲ, ಅವಳ ಹೆಸರಿನ ಚಪ್ಪಲಿ ಅವಳೇ ನೋಡಿಕೊಳ್ಳಲಿ ಎಂದು ಒಳಗೆಲ್ಲೋ ಇತ್ತು. ಜಯಮಾಲಾ ಅವರ ಜೊತೆ ಆ ಏಳರಲ್ಲಿ ಒಂದು.

ಆಸ್ಪತ್ರೆಗೆ ಹೋಗಿ ಅವರನ್ನು ನೋಡಿ ಬಂದೆ. ಹೆಬ್ಬೆರಳು ಹೋಗಿದೆ, ಪಾದ ಉಳಿದಿದೆ. ‘ನಿಮ್ಮ ಮಗಳು ಬರ್ಲಿಲ್ವಾ?’ ಎಂದು ಕೇಳಿದರು. ಬರುತ್ತಾಳೆ ಎಂದು ಹೇಳಿದ್ದೇನೆ.

ಸಿಗದೆ ಉಳಿದದ್ದು ಒಬ್ಬರು. ದೊಡ್ಡನೆಕ್ಕುಂದಿಯ ಒಂದು ಆಫೀಸಿನ ವಿಳಾಸ, ಕೆಂಪರಾಜ್ ಎಂಬ ಹೆಸರು. ಗೇಟಿನ ಕಾವಲಿನವರು ನಮ್ಮಿಬ್ಬರನ್ನು ನೋಡಿದ ಕೂಡಲೇ ಆ ಕಡೆ ಹೋಗಿ ಎಂದರು. ಫೋನ್ ಅವನು ಎತ್ತುವುದಿಲ್ಲ. ಅದನ್ನು ನೀನು ಹುಡುಕು. ಕೈಯ ಹಿಂಬದಿ, ಮರೆಯಬೇಡ.

ನಿನ್ನ ಅಪ್ಪ,
ಚಲುವಯ್ಯ


ದೊಡ್ಡನೆಕ್ಕುಂದಿ
30 ಜನವರಿ 2026

ಅಪ್ಪನಿಗೆ,

ಸಿಕ್ಕಿದರು, ಆಸ್ಪತ್ರೆಗೆ ಸೇರಿಸಿದೆವು ಎಂದು ಫೋನಿನಲ್ಲಿ ಹೇಳಿದೆ. ಉಳಿದದ್ದನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲು ಜಯಮಾಲಾ ಅವರ ಹತ್ತಿರ ಹೋಗಿದ್ದೆ. ಕ್ಷಮಿಸಿ ಎಂದೆ. ‘ಅದ್ರಿಂದ ನನ್ ಬೆರಳು ಬರುತ್ತೇನಮ್ಮ?’ ಎಂದರು. ನಾನು ಏಳಲು ಹೋದಾಗ ಕೂತ್ಕೋ ಎಂದರು. ಒಂದು ಗಂಟೆ ಕೂತಿದ್ದೆ.

ಕೆಂಪರಾಜ್‌ಗೆ ನಾನು ಕಳಿಸಿದ ನಾಲ್ಕು ಮೆಸೇಜಿಗೂ ಒಂದೇ ಉತ್ತರ ಬಂದಿತ್ತು. ‘ಗ್ರಾಹಕರಿಗೆ ಯಾವ ದೂರೂ ಇಲ್ಲ. ಬದಲಿ ಅಗತ್ಯವಿಲ್ಲ. ಧನ್ಯವಾದಗಳು.’ ಬರೆದದ್ದು ಅವನಲ್ಲ, ಅವನ ಏಜೆಂಟ್. ನನ್ನ ಮಾತು ಅವನವರೆಗೆ ಹೋಗಿಯೇ ಇರಲಿಲ್ಲ. ಅವನ ಹೆಸರನ್ನು ರಟ್ಟಿನ ಮೇಲೆ ಬರೆದು ಹಿಡಿದು ಗೇಟಿನ ಮುಂದೆ ಮೂರು ದಿನ ನಿಂತೆ. ನಿನ್ನೆ ಮಧ್ಯಾಹ್ನ ಒಬ್ಬ ಬೈಕು ನಿಲ್ಲಿಸಿ, ‘ಏನ್ ಮೇಡಂ, ನಂದೇ ಹೆಸ್ರು’ ಎಂದ. ಹೇಳಿದೆ. ಚಪ್ಪಲಿ ಅವನ ತಂದೆಗಂತೆ. ಹಿಂದೆ ಕೂರಿಸಿಕೊಂಡು ಅಲ್ಲೇ ಹಳೇ ಊರಿನ ಮನೆಗೆ ಕರೆದುಕೊಂಡು ಹೋದ.

ತಂದೆಯ ಹೆಸರು ಮುನಿನಾರಾಯಣಪ್ಪ. ಎಪ್ಪತ್ತು ದಾಟಿದವರು. ಒಂದು ಕಾಲಕ್ಕೆ ಆ ಆಫೀಸಿರುವ ಜಾಗವೆಲ್ಲ ಅವರ ರಾಗಿ ಹೊಲವಂತೆ. ಜಗಲಿಯ ಮೇಲೆ ಕೂತಿದ್ದರು. ಕಾಲಲ್ಲಿ ನಮ್ಮ ಚಪ್ಪಲಿ. ‘ಯಾರ ಪೈಕಿ ನೀನು?’ ಎಂದು ಕೇಳಿದರು. ಮರ್ಫಿ ಟೌನಿನ ಚಲುವಯ್ಯನ ಮಗಳು, ಈ ಚಪ್ಪಲಿ ನಮ್ಮಪ್ಪ ಮಾಡಿದ್ದು ಎಂದೆ. ಕಾಲಿನ ಚಪ್ಪಲಿಯನ್ನೊಮ್ಮೆ ನೋಡಿಕೊಂಡು, ‘ಮೇಲೆ ಬಾ, ಬಿಸ್ಲಲ್ಲಿ ಯಾಕ್ ನಿಂತಿದ್ದೀಯ’ ಎಂದರು.

ಕಾಲು ನೋಡಬೇಕು ಎಂದೆ. ಬಿಡಲೇ ಇಲ್ಲ. ‘ಇಂಥ ಚಪ್ಲಿ ನನ್ ಜನ್ಮದಲ್ಲಿ ಹಾಕಿಲ್ಲಮ್ಮ. ಎರಡು ತಿಂಗಳಾಯ್ತು, ಒಂದು ಚೂರೂ ನೋವಿಲ್ಲ. ಇವ್ನು ಕೇಳ್ದಾಗ ಅದೇ ಹೇಳ್ದೆ, ಫೋನಲ್ಲಿ ಹಾಕ್ದ.’

ಅಪ್ಪ, ಆ ಮಾತು ನನಗೆ ಬಾಯಿಪಾಠ. ‘ಒಂದು ಚೂರೂ ನೋವಿಲ್ಲ’, ಐದು ನಕ್ಷತ್ರ, ಡಿಸೆಂಬರ್ ಐದನೆಯ ತಾರೀಖು. ನಮ್ಮ ಪುಟಕ್ಕೆ ಬಂದ ಮೊದಲ ಅಭಿಪ್ರಾಯ. ಅದು ಬಂದ ಮೇಲೆ ಏಜೆಂಟುಗಳು ನಮ್ಮನ್ನು ಮೇಲೆ ಮೇಲೆ ಇಡತೊಡಗಿದವು. ಸುನೀಲ್‌ಗೆ ಓದಿ ಹೇಳಿ ಕುಣಿದಿದ್ದೆ. ಜಯಮಾಲಾ ಅವರ ಮಗನ ಏಜೆಂಟ್ ನಮ್ಮನ್ನು ಯಾಕೆ ಆರಿಸಿತು ಎಂದು ಅವನು ನನಗೆ ತೋರಿಸಿದ್ದ. ಅಲ್ಲೂ ಇದೇ ಮಾತು ಇತ್ತು, ‘ಬಳಸಿದವರು ನೋವಿಲ್ಲ ಎಂದಿದ್ದಾರೆ’ ಎಂದು. ಸ್ಪರ್ಶವೇ ಇಲ್ಲದವರು ನೋವಿಲ್ಲ ಎಂದರೆ ಅದಕ್ಕೆ ಏನು ಅರ್ಥ ಎಂದು ಅದು ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ನಾನು ನಿಮ್ಮ ಅಂಗಡಿಯಲ್ಲೇ ಬೆಳೆದವಳು.

ಕೆಳಗೆ ಕೂತು ಅವರ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡೆ. ಪಟ್ಟಿ ಬಿಚ್ಚುವ ಮೊದಲೇ ಬಿಸಿ ಗೊತ್ತಾಯಿತು. ಚಪ್ಪಲಿ ಒಂದೇ ಸಲಕ್ಕೆ ಬರಲಿಲ್ಲ, ಮೆತ್ತೆ ಅಂಗಾಲಿಗೆ ಅಂಟಿಕೊಂಡಿತ್ತು. ಬಿಡಿಸಿದಾಗ ಕೆಂಪರಾಜ್ ಮುಖ ತಿರುಗಿಸಿ ಗೋಡೆ ಹಿಡಿದುಕೊಂಡ. ನಾನು ಕೈ ತೆಗೆಯಲಿಲ್ಲ. ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ, ನನ್ನನ್ನೇ ನೋಡಿಕೊಂಡು ನಗುತ್ತಿದ್ದರು. ‘ಚೆನ್ನಾಗೇ ಇತ್ತಲ್ಲಮ್ಮ, ಯಾಕೆ ಬಿಚ್ತೀಯ? ಕೊಟ್ಟಿದ್ದನ್ನ ವಾಪಸ್ ತಗೊಂಡೋಗ್ತಾರಾ?’ ಎಂದರು.

ಪಾದ ಉಳಿಯುತ್ತದೋ ಇಲ್ಲವೋ ಸೋಮವಾರ ಹೇಳುತ್ತಾರಂತೆ. ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ. ಅವರು ಇನ್ನೂ ಚಪ್ಪಲಿ ಕೇಳುತ್ತಿದ್ದಾರೆ.

ನಿಮ್ಮ ಮಗಳು,
ಭಾಗ್ಯ